ಗೋಡೆಯ ಕಲೆ ಅಳಿಸುವ ಮುನ್ನ

ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿ ತಿಂಗಳುಗಳಾದರೂ ಟೈಲರಕ್ಕನ ಕಣ್ಣಿಗೆ ಮನೆ ಇನ್ನೂ ತೇಲುತ್ತಲೇ ಇತ್ತು. ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ತೂಕಡಿಸಿದರೆ ಸಾಕು, ಕನಸಿನಲ್ಲಿ ನೆಲವೆಲ್ಲ ನೀರು. ಗಿರಾಕಿಗಳ ಅಂಗಿಗಳು ಮೀನಿನ ಹಾಗೆ ಮೆಲ್ಲಗೆ ಬಾಗಿಲು ದಾಟಿ ಹೋಗುತ್ತಿದ್ದವು.

"ಇನ್ನೊಂದ್ಸಲ ನೀರು ನುಗ್ಗಿದ್ರೆ ಮಗಳನ್ನ ಕರ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ," ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು.

ಪಕ್ಕದ ಮನೆಯ ನರ್ಸಮ್ಮ ದಾರಿ ತೋರಿಸಿದರು. "ಗಾಳಿ ಮಳೆಗೆ ಮನೆ ಭದ್ರ ಮಾಡ್ಕೊಳ್ಳೋಕೆ ಸರ್ಕಾರ ಸಹಾಯಧನ ಕೊಡ್ತಿದೆ ಕಣೇ. ಸಾಲ ಅಲ್ಲ, ವಾಪಸ್ ಕೊಡೋದು ಬೇಡ. ಅರ್ಜಿ ಹಾಕು, ಎಂಜಿನಿಯರ್ ಬಂದು ನೋಡ್ತಾರೆ."

ಗಂಡ ಪೇಂಟರ್. "ಕನ್ನಡಿಯೊಳಗಿನ ಗಂಟು ಅದು," ಎಂದು ನಕ್ಕ. ಅವಳು ಅರ್ಜಿ ಹಾಕಿಯೇಬಿಟ್ಟಳು. ಆದರೆ ಎಂಜಿನಿಯರ್ ಬರುವ ದಿನ ಗೊತ್ತಾದಾಗ ಅವನ ಮಾನ ಎದ್ದು ಕೂತಿತು. ಊರಿಗೆಲ್ಲ ಬಣ್ಣ ಬಳಿಯುವವನ ಮನೆಯ ಗೋಡೆಯಲ್ಲಿ ನೀರು ಬಿಟ್ಟುಹೋದ ಕೆಸರಿನ ಗೆರೆಯೇ? ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋದಾಗ ಕೋಣೆಗೆಲ್ಲ ತಿಳಿನೀಲಿ ಬಳಿದುಬಿಟ್ಟ. ತಿರುಗಿ ಬಂದವಳಿಗೆ ಆಕಾಶದೊಳಗೆ ಕಾಲಿಟ್ಟ ಹಾಗಾಯಿತು. ಮರುಕ್ಷಣ ಗೋಡೆಯಲ್ಲಿ ಕೆಸರಿನ ಗೆರೆ ಹುಡುಕಿದಳು; ಎಲ್ಲೂ ಕಾಣಲಿಲ್ಲ. ನೀರು ಬಂದಿತ್ತು ಎಂದರೆ ಇನ್ನು ಯಾರು ನಂಬುತ್ತಾರೆ?

ಮರುದಿನ ಎಂಜಿನಿಯರ್ ಮೇಡಂ ಬಂದರು. "ನೀರು ಎಲ್ಲಿವರೆಗೆ ಬಂದಿತ್ತು?"

"ಸೊಂಟದವರೆಗೆ," ಎಂದ ಪೇಂಟರ್.

"ಗುರುತೇ ಇಲ್ವಲ್ಲಣ್ಣ. ನಾನು ಏನಂತ ಬರೀಲಿ? ಫೋಟೊ ಆದ್ರೂ ಇದೆಯಾ?"

"ಫೋನೂ ನೀರಲ್ಲೇ ಹೋಯ್ತು ಮೇಡಂ." ಅವನ ಮುಖ ಬಿಳುಚಿಕೊಂಡಿತು.

ಟೈಲರಕ್ಕ ಬೀರುವಿಗೆ ಹೆಗಲು ಕೊಟ್ಟು ತಳ್ಳಿದಳು. ಹಿಂದಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಂದು ಗೆರೆ ಹಾಗೇ ಇತ್ತು. "ನಿಮ್ಮ ಕೆಲಸ ನನಗೆ ಗೊತ್ತಿಲ್ವಾ? ಬೀರು ಹಿಂದೆ ಯಾವತ್ತು ಬ್ರಷ್ ಆಡಿಸಿದೀರಿ?"

ಮೇಡಂ ನಗು ತಡೆದುಕೊಂಡು ಅಳತೆ ಬರೆದುಕೊಂಡರು. "ನಿಮ್ಮ ಸೋಮಾರಿತನಕ್ಕೊಂದು ನಮಸ್ಕಾರ ಅಣ್ಣ. ಮಂಜೂರಾತಿ ಪತ್ರ ಕೈಗೆ ಬರೋವರೆಗೆ ಇನ್ನೇನೂ ಮುಟ್ಟಬೇಡಿ."

ಪತ್ರ ಬಂತು. ಛಾವಣಿಯ ಶೀಟುಗಳಿಗೆ ಕಬ್ಬಿಣದ ಪಟ್ಟಿ ಬಿತ್ತು. ಸ್ವಿಚ್ ಬೋರ್ಡ್ ಮೇಲೇರಿತು. ಬಾಗಿಲಿಗೆ ನೀರು ತಡೆಯುವ ಹಲಗೆ ಕೂತಿತು.

ಮುಂದಿನ ಮಳೆಗೆ ಬೀದಿ ಹೊಳೆಯಾಯಿತು. ನೀರು ಹಲಗೆಯ ತನಕ ಬಂದು, ಸ್ವಲ್ಪ ಹೊತ್ತು ನಿಂತು, ಬಂದ ದಾರಿ ಹಿಡಿಯಿತು. ಒಳಗೆ ಮಗಳು ಆಟವಾಡುತ್ತಾ ನೆಲದ ಮೇಲೆಯೇ ನಿದ್ದೆ ಹೋಗಿದ್ದಳು. ಎತ್ತಿ ಮಂಚದ ಮೇಲೆ ಮಲಗಿಸಲು ಪೇಂಟರ್ ಬಗ್ಗಿದ.

"ಅಲ್ಲೇ ಮಲಗಿರ್ಲಿ ಬಿಡಿ," ಎಂದಳು ಹೆಂಡತಿ. "ನೆಲ ಒಣಗೇ ಇದೆ."

ನಿಮ್ಮ ಮನೆಗೂ ನೀರು ನುಗ್ಗಿತ್ತೇ? ನಾಚಿಕೊಳ್ಳಬೇಡಿ, ಅದು ನಿಮ್ಮ ತಪ್ಪಲ್ಲ. ಕಲೆ ಅಳಿಸುವ ಮೊದಲು ಫೋಟೊ ತೆಗೆದಿಡಿ. ಇಂಥ ಸಹಾಯಧನ ನಿಮ್ಮಲ್ಲಿ ಸಿಗುತ್ತದೆಯೇ ಎಂದು ಹತ್ತಿರದ ಸರ್ಕಾರಿ ಕಚೇರಿಯಲ್ಲಿ ಕೇಳಿ. ಮೋಡ ಕಟ್ಟುವವರೆಗೆ ಕಾಯಬೇಡಿ, ಬಿಸಿಲಿರುವಾಗಲೇ ಹೋಗಿಬನ್ನಿ.