ಬಿರಡೆಯ ಹಿಂದಿನ ನೀರು

ನಮ್ಮ ಗಣಿಯಲ್ಲಿ ಕೊರೆದ ರಂಧ್ರವೊಂದು ಆಚೆಯ ನೀರು ತುಂಬಿದ ಹಳೇ ಗಣಿಗೆ ತಗುಲಿತ್ತು. ಅದಕ್ಕೆ ಜಡಿದ ಸಿಮೆಂಟಿನ ಬಿರಡೆ ನೀರನ್ನು ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಕೆಲಸ. ಬಿರಡೆಯ ಮುಖಕ್ಕೆ ಒಣ ಸುಣ್ಣದ ಪುಡಿ ಬಳಿದು ಕಾಯುತ್ತೇವೆ. ಒಂದು ಹನಿ ಸೋರಿದರೂ ಕಲೆ ಮೂಡುತ್ತದೆ.

ಮೂರು ಗಂಟೆ ಕಾದರೂ ಪುಡಿ ಬೆಳ್ಳಗೇ ಇತ್ತು.

“ಪಾಸು ಅಂತ ಬರಿ ತಾಯಿ. ಹಾಲು ಉಕ್ಕೋದು ಕಾಯೋಳ ಹಾಗೆ ಕೂತಿದೀಯಲ್ಲ!” ಎಂದ ಮೇಸ್ತ್ರಿ.

“ಹಿಂದಿನ ನೀರಿನ ಒತ್ತಡ ತೋರ್ಸೋ ಮೀಟರಿನ ಮುಳ್ಳು ಇಳೀತಿದೆ, ಅಣ್ಣ.”

“ಸೋರಿದ್ರೆ ಇಲ್ಲೇ ತಾನೆ ಕಾಣ್ಬೇಕು?”

ಇಲ್ಲಿ ಕಾಣದ ನೀರು ಬಂಡೆಯೊಳಗೆ ಬೇರೆ ದಾರಿ ಹಿಡಿದಿದೆ ಎಂದು ನನಗೆ ಆಗ ಹೊಳೆಯಿತು. ಕೆಳಗಿನ ಸುರಂಗದಲ್ಲಿ ನನ್ನ ತಮ್ಮನೂ ಇನ್ನೂ ಐವರೂ ಕೆಲಸದಲ್ಲಿದ್ದರು. ಫೋನೆತ್ತಿದೆ.

“ಏನಕ್ಕಾ, ಊಟ ಆಯ್ತಾ ಅಂತ ಕೇಳೋಕಾ?” ಎಂದು ತಮ್ಮ ನಕ್ಕ.

“ಅಲ್ಲಿ ಗೋಡೆ ಹೇಗಿದೆಯೋ?”

“ಬೆಳಗ್ಗೆಯಿಂದ ಬೆವರ್ತಿದೆ. ತಂಪಾಗಿದೆ ಅಂತ ಎಲ್ಲ ಅದಕ್ಕೇ ಒರಗಿ ಕೂತಿದೀವಿ.”

“ಎದ್ದು ಮೇಲೆ ಬನ್ನಿ, ಈಗಲೇ!”

ಲಿಫ್ಟು ಒಂದು ಸಲಕ್ಕೆ ಮೂವರನ್ನು ಮಾತ್ರ ಎತ್ತುತ್ತದೆ. ಮೊದಲು ಬಂದ ಮೂವರೂ ಸೊಂಟದವರೆಗೆ ತೊಯ್ದಿದ್ದರು. ಅವರಲ್ಲಿ ತಮ್ಮನಿರಲಿಲ್ಲ.

“ಈಜು ಬರ್ದೋರು ಮೊದಲು ಹೋಗಿ ಅಂದ, ಅಕ್ಕಾ,” ಎಂದ ಒಬ್ಬ.

ಮೇಸ್ತ್ರಿ ಲಿಫ್ಟನ್ನು ಮತ್ತೆ ಕೆಳಕ್ಕೆ ಬಿಟ್ಟ.