ಗಾಳಿಮಾಪಕದ ಮುಳ್ಳು

ಚೆಂಬೂರಿನ ತಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಶಾಮಣ್ಣ ಆಸೆಯಿಂದ ಕೂರಿಸಿದ್ದ ಗಾಳಿಮಾಪಕ ಎಂಬತ್ತೇಳರ ಜೂನಿನಲ್ಲಿ ನಿಂತುಹೋಯಿತು. ಜೋರು ಗಾಳಿಗೂ ಅದರ ಬಟ್ಟಲುಗಳು ತಿರುಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಬೇರಿಂಗ್ ಸವೆದಿತ್ತು. ಹೊಸದು ಹಾಕಿದ ಮೇಲೆ ಬಟ್ಟಲುಗಳು ಗಿರ್ರನೆ ತಿರುಗಿದವು.

"ಅಲಮೇಲು, ಮುಳ್ಳು ಎಷ್ಟರಲ್ಲಿದೆ?" ಎಂದು ಹಿಂದಿನಂತೆಯೇ ಕೆಳಗೆ ಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕೇಳಿದ. ಲಕ್ವ ಹೊಡೆದು ಅವಳ ಮಾತು ನಿಂತುಹೋಗಿದ್ದು ಆಮೇಲೆ ನೆನಪಾಯಿತು.

ಅವಸರದಲ್ಲಿ ಕೆಳಗಿಳಿದು ಬಂದ. ಟೆರೇಸಿನಿಂದ ತಂತಿ ಎಳೆದು ಜೋಡಿಸಿದ್ದ ಮನೆಯೊಳಗಿನ ಡಯಲಿನಲ್ಲಿ ಮುಳ್ಳು ಹನ್ನೆರಡರ ಹತ್ತಿರ ಅಲುಗುತ್ತಿತ್ತು. ಅಲಮೇಲು ಕಿಟಕಿಯಾಚೆ ಎಡಗೈ ಚಾಚಿ, ಐದು ಬೆರಳು ಬಿಚ್ಚಿ ಮುಚ್ಚಿ, ಮತ್ತೆ ಐದು ಬಿಚ್ಚಿ ಮುಚ್ಚಿ, ಕೊನೆಗೆ ಎರಡು ತೋರಿಸುತ್ತಿದ್ದಳು. ಟೆರೇಸಿನಿಂದ ಆ ಕಿಟಕಿ ಕಾಣುವುದೇ ಇಲ್ಲ.

"ಹನ್ನೆರಡು. ಗೊತ್ತಾಯ್ತು ಕಣೇ," ಎಂದು ಶಾಮಣ್ಣ ಆ ಕೈ ಹಿಡಿದುಕೊಂಡ. ಅವಳು ಅಳುತ್ತಲೇ ತಲೆಯಾಡಿಸಿದಳು.