ನಿಂಬೆ ತೋಟದ ಬಾವಿ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆಯಲ್ಲಿ ಖಾಜಿ ಅಬ್ದುಲ ಸಮದ ಬೀದರಿನಲ್ಲಿ ಔರಾದಿನ ಬಸ್ಸು ಹತ್ತಿದರು. ಖಾಜಿಯ ಮಾತು ಕಚೇರಿಯಲ್ಲಿ ನಡೆಯುತ್ತಿದ್ದ ಕಾಲ ಮುಗಿದು, ನಿಕಾಹ್ ಓದಿಸುವುದೊಂದು ಉಳಿದಿತ್ತು. ಆದರೂ ಚಿಂತಾಕಿ ಹಳ್ಳಿಯಿಂದ ತಂಗಿಯ ಗಂಡ ಕುತುಬೋದ್ದೀನ ಹೇಳಿಕಳಿಸಿದ್ದ: ಬಂದು ಒಂದು ನ್ಯಾಯ ಹೇಳಿ ಹೋಗಿ. ಔರಾದಿನಿಂದ ಎತ್ತಿನ ಗಾಡಿಯಲ್ಲಿ ಬಿಸಿಲು ಕುಡಿದು ತಲುಪುವಷ್ಟರಲ್ಲಿ ಮುದುಕರಿಗೆ ಯಾರ ನ್ಯಾಯವೂ ಬೇಡವೆನಿಸಿತ್ತು.

ಕುತುಬೋದ್ದೀನ ಬಿಡಲಿಲ್ಲ, ಹಿತ್ತಿಲಿಗೆ ಕರೆದೊಯ್ದ. ಮನೆಯ ಹಿಂದೆ ಗೋಡೆ ಹಾಕಿದ ನಿಂಬೆ ತೋಟ. ಅದರ ಅಂಚಿನಲ್ಲಿ ಅವನ ಅಪ್ಪ ತೋಡಿಸಿದ ಬಾವಿ. ಕೆಳಗಿನ ಕೇರಿಯವರು ದಿನಾ ಒಳಗೆ ಬಂದು ಅಲ್ಲೇ ನೀರು ಸೇದುತ್ತಿದ್ದರು.

"ಬಾಗಲಾ ಹಾಕಬೇಕಂತೀನಿ, ಭಾಯಿಸಾಬ್. ನನ್ನ ಜಾಗಾ, ನನ್ನ ಬಾವಿ. ಶರೀಯತ್ ಏನ್ ಹೇಳ್ತದ?"

"ನೀರಡಿಸಿದವರಿಗಿ ಇಲ್ಲ ಅನ್ನಂಗಿಲ್ಲ. ಖರೇ, ಹತ್ರ ಬ್ಯಾರೆ ನೀರಿದ್ರ, ನನ್ನ ಜಾಗದಾಗ ಬರಬ್ಯಾಡ್ರಿ ಅನ್ನಬಹುದು."

ಕುತುಬೋದ್ದೀನನ ಮುಖ ಅರಳಿತು. "ಊರ ಬಾವಿ ಹತ್ರಾನೇ ಅದ! ಇಲ್ಲಿಂದ ಕೂಗಿದ್ರ ಕೇಳ್ತದ."

"ಅಲ್ಲಿ ಇವರಿಗಿ ಸೇದ್ಲಿಕ್ಕಿ ಬಿಡ್ತಾರೇನು?"

ಬಿಡುವುದಿಲ್ಲ ಎಂದು ಕುತುಬೋದ್ದೀನ ಒಪ್ಪಿಕೊಂಡ. ನಿಜ ಸಂಗತಿ ಆಮೇಲೆ ಹೊರಬಿತ್ತು. ಆ ಕೇರಿಯವರನ್ನು ಒಳಗೆ ಬಿಟ್ಟರೆ ನಿನ್ನ ನಿಂಬೆ ಯಾರೂ ಕೊಳ್ಳುವುದಿಲ್ಲ ಎಂದು ಊರ ಕೆಲವರು ಹೇಳಿಹೋಗಿದ್ದರು. ತನ್ನವರ ಮೇಲೆ ಊರೂರು ತಿರುಗಿಬಿದ್ದ ಪೊಲೀಸ್ ಕಾರ್ಯಾಚರಣೆಯ ದಿನಗಳನ್ನು ಕಂಡುಂಡವನಿಗೆ ಊರ ಮಾತು ಮೀರುವ ಎದೆಯಿರಲಿಲ್ಲ.

ಹತ್ತಿರ ಬೇರೆ ನೀರಿದೆ ಎಂದುಬಿಟ್ಟರೆ ತಂಗಿಯ ಸಂಸಾರ ತಣ್ಣಗಿರುತ್ತಿತ್ತು. ಸಮದರಿಗೆ ಹಾಗೆನ್ನಲು ನಾಲಿಗೆ ಏಳಲಿಲ್ಲ.

"ಮುಟ್ಟಲಾರದ ನೀರು ಇದ್ದೂ ಇಲ್ದಂಗ, ಕುತುಬಮಿಯಾ. ಅವರಿಗಿ ಒಳಗ ಬಿಡು, ಇಲ್ಲಾ ನೀರು ಹೊರಗ ಕೊಡು. ಯಾವುದಂಬೋದು ಮಾಲಕನ ಮರ್ಜಿ."

"ಹಂಗಾದ್ರ ಗ್ವಾಡಿ ಹೊರಗ ಒಂದು ಕಲ್ಲಿನ ತೊಟ್ಟಿ ಇಡ್ತೀನಿ. ತುಂಬಿಸ್ಕೊಂಡು ಹೋಗ್ಲಿ."

ನೀರಿಗೆ ಬಂದು ಇದನ್ನೆಲ್ಲ ಕೇಳುತ್ತಿದ್ದ ಶಾಲುಬಾಯಿ, ಕೇರಿಯ ಹೆಂಗಸರಲ್ಲಿ ಹಿರಿಯಳು, ಕೊಡ ಕೆಳಗಿಟ್ಟಳು.

"ತೊಟ್ಟ್ಯಾಗ ದನಾ ಕುಡೀತಾವ್ರಿ ಸಾಹೇಬ್ರ. ಹೋದ ದಸರಿಗಿ ನಾಗಪುರಕ್ಕ ಹೋಗಿ ಬುದ್ಧನ ದೀಕ್ಷಾ ತೊಗೊಂಡು ಬಂದೀವಿ. ಇದಕ್ಕೇನ್ರಿ?"

ಸಮದರು ತಾವು ಓದಿದ್ದನ್ನು ತಪ್ಪಿಲ್ಲದೆ ಹೇಳಿದ್ದರು. ಆದರೂ ಆ ಹೆಂಗಸಿನ ಮುಖ ನೋಡಲಾಗಲಿಲ್ಲ.

ಹಿತ್ತಿಲ ಬಾಗಿಲ ಮರೆಯಿಂದ ತಂಗಿ ಹಮೀದುನ್ನಿಸಾ ಮಾತಾಡಿದಳು. "ಭಾಯಿಜಾನ್, ಗ್ವಾಡಿನೇ ಒಳಗ ಸರಸಿದ್ರ? ಬಾವಿಕಟ್ಟಿ ಅರ್ಧ ಹೊರಗ ಬರ್ತದ. ಅವರ ಹಗ್ಗ, ಅವರ ಕೊಡ."

"ಗಿಡಾ ಹೋಗ್ತಾವ!" ಎಂದ ಕುತುಬೋದ್ದೀನ.

"ಹೋಗ್ಲಿ. ದಿನಾ ಈ ಹೆಣ್ಮಕ್ಕಳ ಮಾರಿ ನೋಡಾಕಿ ನಾನು."

ಅವನು ಭಾವನ ಕಡೆ ತಿರುಗಿದ. ಸಮದರು ಇಲ್ಲವೆಂಬಂತೆ ತಲೆಯಾಡಿಸಿದರು. "ಜಾಗಾ ಬಿಡು ಅಂತ ಹೇಳೋ ಹಕ್ಕು ನನಗಿಲ್ಲ. ನೀನೇ ಖುಷಿಲಿಂದ ಬಿಟ್ರ ಮಾತ್ರ."

"ಖುಷಿ ಎಲ್ಲಿಂದ ತರ್ಲಿ?" ಎಂದು ಕುತುಬೋದ್ದೀನ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಹೋಗುವ ಗಿಡಗಳನ್ನು ಎಣಿಸಿ, "ಗ್ವಾಡಿ ಅವರೇ ಕಟ್ಲಿ. ಕಟ್ಟಿ ಕಲ್ಲು ಕಿತ್ರೂ ಅವರೇ ಕೂಡಸ್ಲಿ" ಎಂದ.

ಶಾಲುಬಾಯಿಯ ಗಂಡ ಪಂಢರಿ ಕೇರಿಯವರನ್ನು ಕರೆತಂದು ಗೋಡೆ ಬಿಚ್ಚಿ ಕಟ್ಟಿದ. ಬಾವಿಕಟ್ಟೆಯ ಅರ್ಧ ಬಯಲಿಗೆ ಬಂತು, ಅರ್ಧ ತೋಟಕ್ಕೆ ಉಳಿಯಿತು, ನಡುವೆ ಬಿದಿರ ತಟ್ಟಿ ನಿಂತಿತು. ಯಾರೂ ಯಾರಿಗೂ ಉಪಕಾರವಾಯಿತು ಎನ್ನಲಿಲ್ಲ.

ಊರವರು ತಮ್ಮ ಮಾತು ಉಳಿಸಿಕೊಂಡರು, ಯಾರೂ ನಿಂಬೆ ಕೊಳ್ಳಲಿಲ್ಲ. ಕುತುಬೋದ್ದೀನ ನಿಂಬೆಯ ಚೀಲ ಹೊತ್ತು ಬೀದರಿನ ಬಜಾರಿಗೆ ಓಡಾಡತೊಡಗಿದ. ಒಂದು ಮಧ್ಯಾಹ್ನ ಖಾಜಿಯ ಮನೆಯ ಜಗುಲಿಯಲ್ಲಿ ಬಂದು ಕೂತ. ಹೆಗಲ ಮೇಲೆ ಚೀಲದ ಗುರುತು ಕೆಂಪಗೆ ಮೂಡಿತ್ತು.

"ನೀರು ಸೇದ್ತಾರೇನು?" ಸಮದರು ಕೇಳಿದರು.

"ನಸಕಿನಿಂದ ರಾತ್ರಿತನಕ. ಬಾವಿ ರಾಟಿ ಸಪ್ಪಳಕ್ಕ ನಿದ್ದಿ ಇಲ್ಲ."

ಬೈಗುಳದಂತೆ ಕೇಳಿಸಿತು, ಬೈಗುಳವಾಗಿರಲಿಲ್ಲ. ಸಮದರು ಒಳಗೆ ಹೋಗಿ ರೊಟ್ಟಿ ತಂದು ಅವನ ಮುಂದಿಟ್ಟರು.